ಮಲಗುಂಡಿಯನ್ನು ಬರಿದು ಮಾಡುವ ಗಾಳಿ

ಸಿಂಗಾಪುರವೆಂದೊಡನೆ ವಾಚಕರ ಮನಸ್ಸು ಕಡಲಾಚೆಯ ದ್ವೀಪನಗರಕ್ಕೆ ಹಾರಬಹುದು. ನಾನು ಹೇಳಹೊರಟಿರುವುದು ಅದನ್ನಲ್ಲ. ಬೆಂಗಳೂರಿನ ಉತ್ತರ ಭಾಗದಲ್ಲಿ, ವಿದ್ಯಾರಣ್ಯಪುರದ ಮಗ್ಗುಲಲ್ಲಿ, ತನ್ನ ಹೆಸರಿನದೇ ಕೆರೆಯೊಂದನ್ನುಳ್ಳ ಸಿಂಗಾಪುರವೆಂಬ ಊರಿದೆ. ಒಂದು ಕಾಲಕ್ಕೆ ಹೊಲ ತೋಟಗಳ ನಡುವಿನ ಹಳ್ಳಿಯಾಗಿದ್ದ ಇದು ಈಗ ಮಹಾನಗರದ ಮಡಿಲಿಗೆ ಬಿದ್ದಿದೆ. 2007ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯು ಸುತ್ತಣ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ತನ್ನೊಳಗೆ ಸೇರಿಸಿಕೊಂಡು ಬೃಹತ್ತಾಯಿತು. ನಗರದ ಅಂಚಿನ ಇಂತಹ ಊರುಗಳಲ್ಲಿ ಮನೆಗಳು ಬೇಗ ಎದ್ದವು. ನೆಲದಡಿಯ ಒಳಚರಂಡಿ ಅಷ್ಟು ಬೇಗ ಬರಲಿಲ್ಲ. ಆದುದರಿಂದ ಮನೆಗೊಂದು ಮಲಗುಂಡಿ, ಅದು ತುಂಬಿದಾಗ ಒಂದು ಟ್ಯಾಂಕರು ಲಾರಿ, ಇದು ವಾಡಿಕೆಯಾಯಿತು.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ ನಾನು ಅಲ್ಲಿಯ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಮುಂದೆ ಅಂತಹ ಲಾರಿಯೊಂದು ನಿಂತಿತ್ತು. ನಮ್ಮ ಜನ ಇದನ್ನು ‘ಸಕ್ಕಿಂಗ್ ಮೆಷಿನ್ನು’ ಎಂದು ಕರೆಯುತ್ತಾರೆ. ಗುಂಡಿಯ ಮುಚ್ಚಳವನ್ನು ಸರಿಸಿ, ದಪ್ಪ ಕೊಳವೆಯನ್ನು ಒಳಗಿಳಿಸಿ, ಪಂಪನ್ನು ಚಾಲೂ ಮಾಡಿದರು. ಹದಿನೈದು ನಿಮಿಷದಲ್ಲಿ ನೀರಿನಂತಹ ಭಾಗವೆಲ್ಲ ಹೋಯಿತು. ತಳದಲ್ಲಿ ಗಟ್ಟಿಯಾದ ಗಸಿ ಉಳಿಯಿತು. ಮನೆಯೊಡತಿಯಾದ ವೃದ್ಧೆ ದೂರದಿಂದಲೇ ಇಣುಕಿ, “ಅಡೀಲಿ ಹಂಗೇ ಉಳಿದೈತಲ್ಲಪ್ಪ. ಈ ಹುಡುಗನ್ನ ಒಂದು ಗಳಿಗೆ ಇಳಿಸಿ ಕೆರೆಸಿಬಿಡು, ಅವನ ಕೈಗೆ ಬೇರೆ ಕಾಸು ಕೊಡ್ತೀನಿ” ಎಂದರು. ಲಾರಿಯ ಚಾಲಕ ತಲೆಯಾಡಿಸಿದ. “ಬ್ಯಾಡಮ್ಮ, ಯಾರನ್ನೂ ಇಳಿಸಲ್ಲ. ನಾಕು ಡ್ರಮ್ ನೀರು ಬಿಡಿಸಿ, ಕಲಕಿ ಇಲ್ಲಿಂದಲೇ ಎಳೀತೀವಿ” ಎಂದ.

ನನ್ನ ಸ್ನೇಹಿತರ ಮಗ ಆಗ ಪಿ.ಯು.ಸಿ. ಓದುತ್ತಿದ್ದ. ಅವನು ನನ್ನತ್ತ ತಿರುಗಿ, “ಖಾಲಿ ಮಾಡೋಕೆ ಬಂದವರು ನೀರು ಯಾಕೆ ಕೇಳ್ತಾರೆ ಮಾಮ? ಇನ್ನಷ್ಟು ತುಂಬುತ್ತಲ್ಲವೇ?” ಎಂದು ಕೇಳಿದ. ಪ್ರಶ್ನೆ ಸೊಗಸಾದುದು. ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ತಿಳಿದವರು ಇನ್ನೊಬ್ಬ ಮನುಷ್ಯನನ್ನು ಗುಂಡಿಗೆ ಇಳಿಸಬೇಕೆಂದು ಎಂದಿಗೂ ಹೇಳಲಾರರು. ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಗುಂಡಿಯೊಳಗೆ ನಡೆಯುವುದೇನು?

ಸೆಪ್ಟಿಕ್ ಟ್ಯಾಂಕು ಎಂಬ ಹೆಸರು ಬಳಕೆಗೆ ಬಂದುದು 1890ರ ದಶಕದಲ್ಲಿ, ಇಂಗ್ಲೆಂಡಿನ ಎಕ್ಸಿಟರ್ ನಗರದ ಡೊನಾಲ್ಡ್ ಕ್ಯಾಮರಾನ್ ಎಂಬ ಎಂಜಿನಿಯರನಿಂದ. ಇದು ಗಾಳಿಯಾಡದಂತೆ ಮುಚ್ಚಿದ ಒಂದು ತೊಟ್ಟಿ. ಮನೆಯ ಕಕ್ಕಸಿನಿಂದ ಬಂದ ನೀರು ಇದರಲ್ಲಿ ಒಂದೆರಡು ದಿನ ನಿಧಾನವಾಗಿ ನಿಲ್ಲುತ್ತದೆ. ನಿಂತ ನೀರಿನಲ್ಲಿ ಭಾರವಾದ ಕಣಗಳು ತಳಕ್ಕಿಳಿದು ಗಸಿಯಾಗುತ್ತವೆ. ಎಣ್ಣೆ ಜಿಡ್ಡುಗಳು ಮೇಲೆ ತೇಲಿ ಹಾಲಿನ ಕೆನೆಯಂತೆ ಕಟ್ಟುತ್ತವೆ. ನಡುವಿನ ನೀರು ಇನ್ನೊಂದು ಬದಿಯ ಕೊಳವೆಯಿಂದ ಹೊರಟು ಇಂಗುಗುಂಡಿಗೆ ಹೋಗಿ ಮಣ್ಣಿನಲ್ಲಿ ಇಂಗುತ್ತದೆ.

ತಳದ ಗಸಿಯನ್ನು ಆಮ್ಲಜನಕದ ನೆರವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅರಗಿಸುತ್ತವೆ. ಹಾಗೆ ಅರಗಿಸುವಾಗ ಮೀಥೇನ್, ಇಂಗಾಲದ ಡೈ ಆಕ್ಸೈಡ್, ಅಮೋನಿಯ, ಜಲಜನಕದ ಸಲ್ಫೈಡ್ ಎಂಬ ಅನಿಲಗಳು ಹುಟ್ಟುತ್ತವೆ. ಆದರೆ ಗಸಿ ಪೂರ್ತಿಯಾಗಿ ಕರಗಿಹೋಗುವುದಿಲ್ಲ. ವರ್ಷಗಳು ಕಳೆದಂತೆ ಅದು ಏರುತ್ತದೆ, ತನ್ನ ಭಾರಕ್ಕೆ ತಾನೇ ಅದುಮಿಕೊಂಡು ಗಟ್ಟಿಯಾಗುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ ತೆಗೆಸಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿಯೇ. ಹತ್ತು ವರ್ಷ ಬಿಟ್ಟ ಗುಂಡಿಯಲ್ಲಿ ತಳದ ಪದರ ಹಸಿ ಜೇಡಿಯಂತೆ ಕೂತಿರುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎಳೆಯುವವರು ಯಾರು?

ಲಾರಿಯ ಯಂತ್ರವು ಗುಂಡಿಯೊಳಗಿನ ದ್ರವವನ್ನು ಎಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ನೋಡಿದರೆ ಯಂತ್ರವು ದ್ರವವನ್ನು ಮುಟ್ಟುವುದೇ ಇಲ್ಲ. ಪಂಪಿನ ಕೊಳವೆ ಲಾರಿಯ ತೊಟ್ಟಿಯ ನೆತ್ತಿಗೆ ಸೇರಿರುತ್ತದೆ. ಅದು ಮಾಡುವ ಕೆಲಸವೊಂದೇ: ತೊಟ್ಟಿಯೊಳಗಿನ ಗಾಳಿಯನ್ನು ಹೊರಕ್ಕೆ ಹಾಕುವುದು. ಪಂಪಿನ ಒಡಲಲ್ಲಿ ನಡುವಿನಿಂದ ಸ್ವಲ್ಪ ಸರಿದು ತಿರುಗುವ ಒಂದು ಉರುಳೆ ಇದೆ. ಉರುಳೆಯ ಸೀಳುಗಳಲ್ಲಿ ಜಾರುವ ಹಲಗೆಗಳಿವೆ. ತಿರುಗುವಾಗ ಹಲಗೆಗಳ ನಡುವಣ ಕೋಣೆ ಒಂದು ಬದಿಯಲ್ಲಿ ಹಿಗ್ಗಿ ಗಾಳಿಯನ್ನು ತುಂಬಿಕೊಳ್ಳುತ್ತದೆ, ಇನ್ನೊಂದು ಬದಿಯಲ್ಲಿ ಕುಗ್ಗಿ ಅದನ್ನು ಹೊರಹಾಕುತ್ತದೆ. ಹೀಗೆ ಸುತ್ತು ಸುತ್ತಿಗೂ ತೊಟ್ಟಿಯ ಗಾಳಿ ವಿರಳವಾಗುತ್ತ ಹೋಗುತ್ತದೆ. ಬಾಯ್ಲನ ನಿಯಮದಂತೆ ಒತ್ತಡವೂ ಇಳಿಯುತ್ತದೆ.

ಇತ್ತ ಗುಂಡಿಯ ಬಾಯಿ ತೆರೆದಿದೆ. ಅಲ್ಲಿಯ ದ್ರವದ ಮೇಲೆ ಇಡೀ ವಾಯುಮಂಡಲದ ಒತ್ತಡ ಬಿದ್ದಿದೆ. ಕೊಳವೆಯ ಕೆಳಗಿನ ತುದಿಯಲ್ಲಿ ಒತ್ತಡ ಹೆಚ್ಚು, ಮೇಲಿನ ತುದಿಯಲ್ಲಿ ಕಡಮೆ. ದ್ರವವು ಹೆಚ್ಚಿನ ಕಡೆಯಿಂದ ಕಡಮೆಯ ಕಡೆಗೆ ತಳ್ಳಲ್ಪಡುತ್ತದೆ. ಎಂದರೆ, ಗುಂಡಿಯನ್ನು ಬರಿದು ಮಾಡುವುದು ನಮ್ಮ ತಲೆಯ ಮೇಲಿನ ಗಾಳಿ. ಯಂತ್ರವು ಅದಕ್ಕೆ ದಾರಿ ಬಿಡುತ್ತದೆ ಅಷ್ಟೆ.

ನಂಬಿಕೆಯಾಗದವರು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಒಂದು ಗಾಜಿನ ಸೀಸೆಗೆ ಅಂಚಿನವರೆಗೂ ನೀರು ತುಂಬಿ, ಬಿರಡೆಗೆ ತೂತು ಕೊರೆದು ಹೀರುಕೊಳವೆಯನ್ನು ತೂರಿಸಿ, ಸಂದುಗಳನ್ನು ಮೇಣದಿಂದ ಮುಚ್ಚಿ. ಈಗ ಎಷ್ಟು ಹೀರಿದರೂ ನೀರು ಬಾಯಿಗೆ ಬರುವುದಿಲ್ಲ. ಬಿರಡೆಗೆ ಇನ್ನೊಂದು ಸಣ್ಣ ತೂತು ಮಾಡಿ. ತಕ್ಷಣ ನೀರು ಏರುತ್ತದೆ. ಹೀರುವ ಬಾಯಿ ಎರಡು ಸಲವೂ ಒಂದೇ. ತಳ್ಳುವ ಗಾಳಿಗೆ ಪ್ರವೇಶ ದೊರೆತುದು ಎರಡನೆಯ ಸಲ ಮಾತ್ರ. ಲಾರಿಯವರು ಕೆಲಸದುದ್ದಕ್ಕೂ ಗುಂಡಿಯ ಮುಚ್ಚಳವನ್ನು ತೆರೆದಿಡುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರಿನ ಲೆಕ್ಕ

ಗಾಳಿ ತಳ್ಳುವುದೆಂದ ಮೇಲೆ ಅದರ ತಾಕತ್ತಿಗೆ ಒಂದು ಮಿತಿಯೂ ಇರಲೇಬೇಕು. ಎಷ್ಟೇ ಒಳ್ಳೆಯ ಹೀರು ಪಂಪಾದರೂ ಬಾವಿಯ ನೀರನ್ನು ಸುಮಾರು ಹತ್ತು ಮೀಟರಿಗಿಂತ ಮೇಲೆ ಎತ್ತಲಾರದೆಂಬುದು ಹಳೆಯ ಕಾಲದ ಕಸಬುದಾರರಿಗೆ ತಿಳಿದಿತ್ತು. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಸಂಗತಿಯನ್ನು ಬರೆದಿಟ್ಟ. ಅವನ ಶಿಷ್ಯ ಟಾರಿಸೆಲ್ಲಿ 1640ರ ದಶಕದಲ್ಲಿ ಪಾದರಸದ ಕೊಳವೆಯಿಂದ ಕಾರಣವನ್ನು ತೋರಿಸಿದ. ನೀರಿನ ಕಂಬದ ಭಾರವೂ ಹೊರಗಿನ ಗಾಳಿಯ ಒತ್ತಡವೂ ಸಮನಾದಾಗ ಏರಿಕೆ ನಿಲ್ಲುತ್ತದೆ.

ಕಡಲ ಮಟ್ಟದ ಮಂಗಳೂರಿನಲ್ಲಿ ಈ ಕಂಬದ ಎತ್ತರ ಸುಮಾರು 10.3 ಮೀಟರು. ಬೆಂಗಳೂರು ಕಡಲ ಮಟ್ಟದಿಂದ ಸುಮಾರು 920 ಮೀಟರು ಮೇಲಿದೆ. ನಮ್ಮ ತಲೆಯ ಮೇಲೆ ಅಷ್ಟು ಗಾಳಿ ಕಡಮೆ. ಇಲ್ಲಿಯ ವಾಯುಭಾರ ಪಾದರಸದ 68 ಸೆಂಟಿಮೀಟರು, ಎಂದರೆ ಸುಮಾರು 91 ಕಿಲೋಪಾಸ್ಕಲ್. ಇದು ಎತ್ತಿ ಹಿಡಿಯಬಲ್ಲ ನೀರಿನ ಕಂಬ 9.3 ಮೀಟರು ಮಾತ್ರ. ಗಟ್ಟ ಹತ್ತಿ ಬಂದ ಸಕ್ಕಿಂಗ್ ಯಂತ್ರವು ತನಗೆ ಗೊತ್ತಿಲ್ಲದೆಯೇ ಒಂದು ಮೀಟರಿನಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ!

ತೊಟ್ಟಿಯಲ್ಲಿ ಪೂರ್ಣ ನಿರ್ವಾತವನ್ನು ಯಾವ ಲಾರಿಯೂ ಮಾಡಲಾರದು. ಮುಕ್ಕಾಲು ಪಾಲು ಗಾಳಿಯನ್ನು ತೆಗೆಯಿತೆಂದು ಇಟ್ಟುಕೊಳ್ಳೋಣ. ಆಗ ಒಳಹೊರಗಿನ ಒತ್ತಡಗಳ ವ್ಯತ್ಯಾಸ 68 ಕಿಲೋಪಾಸ್ಕಲ್. ಇದು ನೀರಿನ 7 ಮೀಟರು ಕಂಬಕ್ಕೆ ಸಮ. ಗುಂಡಿಯ ದ್ರವದ ಮಟ್ಟ ರಸ್ತೆಗಿಂತ 3 ಮೀಟರು ಕೆಳಗಿದೆ, ಲಾರಿಯ ತೊಟ್ಟಿಯ ಬಾಯಿ ರಸ್ತೆಗಿಂತ 2 ಮೀಟರು ಮೇಲಿದೆ ಎಂದು ಭಾವಿಸಿ. ಒಟ್ಟು ಏರಿಕೆ 5 ಮೀಟರು. ಅದಕ್ಕೆ 49 ಕಿಲೋಪಾಸ್ಕಲ್ ವೆಚ್ಚವಾಗುತ್ತದೆ. ಉಳಿದ 19 ಕಿಲೋಪಾಸ್ಕಲ್ ದ್ರವಕ್ಕೆ ವೇಗ ಕೊಡಲು ಮತ್ತು ಕೊಳವೆಯ ಘರ್ಷಣೆಯನ್ನು ಗೆಲ್ಲಲು ದೊರೆಯುತ್ತದೆ.

ಘರ್ಷಣೆಯೇ ಇಲ್ಲವಾದರೆ ಬರ್ನೂಲಿಯ ಸೂತ್ರದಂತೆ ವೇಗವು ಸೆಕೆಂಡಿಗೆ 6 ಮೀಟರಿಗೂ ಮಿಕ್ಕಿರಬೇಕು. ಇಪ್ಪತ್ತು ಮೀಟರು ಉದ್ದದ ನಿಜವಾದ ಕೊಳವೆಯಲ್ಲಿ 2 ಮೀಟರು ದೊರೆತರೆ ಹೆಚ್ಚು. ಕೊಳವೆಯ ಒಳವ್ಯಾಸ 10 ಸೆಂಟಿಮೀಟರು ಆದರೆ ಅದರ ಅಡ್ಡಕೊಯ್ತ 78.5 ಚದರ ಸೆಂಟಿಮೀಟರು, ಸೆಕೆಂಡಿಗೆ 15.7 ಲೀಟರು ಹರಿಯುತ್ತದೆ. 4,000 ಲೀಟರು ಹಿಡಿಯುವ ತೊಟ್ಟಿ ನಾಲ್ಕೂಕಾಲು ನಿಮಿಷದಲ್ಲಿ ತುಂಬಬಲ್ಲುದು. ಜಿಡ್ಡು, ಗಸಿ, ಬಟ್ಟೆಯ ಚೂರು ಇವೆಲ್ಲ ಅಡ್ಡ ಬರುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ.

ಲಾರಿಯ ತೊಟ್ಟಿ ಚೌಕವಾಗಿರದೆ ಉರುಳೆಯಂತೆ ದುಂಡಗಿರುವುದೇಕೆಂಬುದೂ ಈಗ ಸ್ಪಷ್ಟವಾಗುತ್ತದೆ. 68 ಕಿಲೋಪಾಸ್ಕಲ್ ಎಂದರೆ ಒಂದು ಚದರ ಮೀಟರು ತಗಡಿನ ಮೇಲೆ ಸುಮಾರು 7 ಟನ್ ಭಾರ. ಚಪ್ಪಟೆಯಾದ ತಗಡು ಒಳಕ್ಕೆ ಕುಸಿದುಬಿಡುತ್ತದೆ. ದುಂಡಾದ ಗೋಡೆ ಕಮಾನಿನಂತೆ ಭಾರವನ್ನು ತನ್ನ ಸುತ್ತಲೂ ಹಂಚಿಕೊಳ್ಳುತ್ತದೆ. ಹದಿನೇಳನೆಯ ಶತಮಾನದಲ್ಲಿ ಮಾಗ್ಡೆಬರ್ಗಿನ ಒಟ್ಟೊ ಫಾನ್ ಗೆರಿಕೆ ಗಾಳಿ ತೆಗೆದ ಎರಡು ತಾಮ್ರದ ಅರ್ಧಗೋಳಗಳನ್ನು ಕುದುರೆಗಳಿಂದ ಎಳೆಸಿ ಜನರನ್ನು ಬೆರಗುಗೊಳಿಸಿದನಷ್ಟೆ. ಬೀದಿಯಲ್ಲಿ ಮೂಗು ಮುಚ್ಚಿಕೊಂಡು ನಾವು ದಾಟಿಹೋಗುವ ಲಾರಿ ಆ ಪ್ರಯೋಗದ ಮರಿಮಗು.

ನೀರೇಕೆ ಬೇಕು?

ಈಗ ಹುಡುಗನ ಪ್ರಶ್ನೆಗೆ ಬರೋಣ. ಎಲ್ಲ ಮನೆಗಳಲ್ಲಿಯೂ ಕಂಡ ಉದಾಹರಣೆಯನ್ನು ಕೊಡುತ್ತೇನೆ. ಹೋಲಿಕೆಗಾಗಿ ವಾಚಕರು ಕ್ಷಮಿಸಬೇಕು. ರಾಗಿಯ ಅಂಬಲಿಯೂ ರಾಗಿಯ ಮುದ್ದೆಯೂ ಒಂದೇ ಹಿಟ್ಟಿನಿಂದ ಆದವು. ಅಂಬಲಿಯನ್ನು ಹೀರುಕೊಳವೆಯಿಂದ ಕುಡಿಯಬಹುದು. ಮುದ್ದೆಯನ್ನು ಎಷ್ಟು ಹೀರಿದರೂ ಅದು ಕದಲುವುದಿಲ್ಲ. ವ್ಯತ್ಯಾಸ ನೀರಿನದು. ನೀರು ಅಥವಾ ಎಣ್ಣೆಯಂತಹ ದ್ರವವು ಎಷ್ಟು ಸಣ್ಣ ಬಲಕ್ಕೂ ಸ್ವಲ್ಪವಾದರೂ ಹರಿಯುತ್ತದೆ. ಮುದ್ದೆಯಂತಹ ವಸ್ತು ಹಾಗಲ್ಲ. ಬಲವು ಒಂದು ಗೊತ್ತಾದ ಮಿತಿಯನ್ನು ಮೀರುವವರೆಗೂ ಅದು ಘನವಸ್ತುವಿನಂತೆ ಕೂತಿರುತ್ತದೆ. ಮೀರಿದ ಮೇಲೆಯೇ ಜಾರುತ್ತದೆ. ಹಳೆಯ ಗಸಿ ಈ ಜಾತಿಯದು.

ಗಾಳಿಯ ಬಳಿ ಉಳಿದಿರುವ ಬಂಡವಾಳ 19 ಕಿಲೋಪಾಸ್ಕಲ್ ಮಾತ್ರವೆಂಬುದನ್ನು ನೋಡಿದೆವು. ಅದೂ ಕೊಳವೆಯ ಇಪ್ಪತ್ತು ಮೀಟರು ಉದ್ದಕ್ಕೂ ಹಂಚಿಹೋಗಬೇಕು. ಗಟ್ಟಿ ಗಸಿಯ ಮಿತಿಯನ್ನು ಮೀರಲು ಅದು ಸಾಲದು. ಕೊಳವೆಯ ಬಾಯಿಯ ಸುತ್ತ ಸ್ವಲ್ಪ ಗಸಿ ಕಿತ್ತುಬಂದು ಗುಳಿಬೀಳುತ್ತದೆ, ಆಮೇಲೆ ಬರೀ ಗಾಳಿ ನುಗ್ಗುತ್ತದೆ. ನಾಲ್ಕು ಡ್ರಮ್ ನೀರನ್ನು ರಭಸದಿಂದ ಬಿಟ್ಟು ಉದ್ದನೆಯ ಗಳುವಿನಿಂದ ಮೇಲಿನಿಂದಲೇ ಕಲಕಿದರೆ ಮುದ್ದೆ ಅಂಬಲಿಯಾಗುತ್ತದೆ. ಆಗ ಆ ಅಲ್ಪ ಬಂಡವಾಳವೇ ಸಾಕಾಗುತ್ತದೆ. ಗುಂಡಿಗೆ ಸೇರಿದ ಎಂಟುನೂರು ಲೀಟರು ನೀರು ಅಲ್ಲಿ ಉಳಿಯುವುದಿಲ್ಲ. ಗಸಿಯನ್ನು ಹೊತ್ತುಕೊಂಡು ಲಾರಿಗೆ ಹೋಗುತ್ತದೆ. ನೀರು ಇಲ್ಲಿ ಹೊರೆಯಲ್ಲ, ಹೊರುವ ಆಳು.

ಬೆಂಗಳೂರಿನ ಸುತ್ತ ಸಿಮೆಂಟಿನ ಬಳೆಗಳನ್ನಿಳಿಸಿ ಮಾಡಿದ ಆಳವಾದ ಗುಂಡಿಗಳೂ ಇವೆ. ತಳ 6 ಮೀಟರು ಕೆಳಗಿದ್ದರೆ ಒಟ್ಟು ಏರಿಕೆ 8 ಮೀಟರು ಆಯಿತು. ಏಳು ಮೀಟರಿನ ಬಲಕ್ಕೆ ಇದು ನಿಲುಕದು. ಇದಕ್ಕೂ ಒಂದು ಉಪಾಯವುಂಟು. ಅನುಭವಿಗಳು ಕೊಳವೆಯ ಬಾಯಿಯನ್ನು ಪೂರ್ತಿ ಮುಳುಗಿಸದೆ ದ್ರವದ ಮೇಲ್ಮೈಯಲ್ಲಿ ಏರಿಳಿಸುತ್ತಾರೆ. ಒಂದು ಗುಟುಕು ದ್ರವ, ಒಂದು ಗುಟುಕು ಗಾಳಿ, ಹೀಗೆ ಸರದಿಯಂತೆ ಒಳಸೇರುತ್ತವೆ. ಗಾಳಿ ಬೆರೆತ ಕಂಬದ ಸರಾಸರಿ ಸಾಂದ್ರತೆ ಕಡಮೆಯಾಗುವುದರಿಂದ ಅದೇ ಒತ್ತಡವು ಅದನ್ನು ಇನ್ನಷ್ಟು ಎತ್ತರಕ್ಕೆ ಏರಿಸಬಲ್ಲುದು. ಟಾರಿಸೆಲ್ಲಿಯ ಹೆಸರನ್ನೂ ಕೇಳದ ಕೆಲಸಗಾರರು ಕೈಯ ಅನುಭವದಿಂದಲೇ ಈ ಯುಕ್ತಿಯನ್ನು ಕಂಡುಕೊಂಡಿದ್ದಾರೆ.

ಚಕ್ರದ ಮೇಲಿನ ಮನೆ

ಇದೇ ಪಾಠವನ್ನು ಅಮೆರಿಕ, ಯೂರೋಪುಗಳಲ್ಲಿ ಇನ್ನೊಂದು ರೂಪದಲ್ಲಿ ಕಾಣಬಹುದು. ಅಲ್ಲಿ ಅಡಿಗೆಮನೆ, ಹಾಸಿಗೆ, ಕಕ್ಕಸು ಎಲ್ಲವೂ ಒಳಗೇ ಇರುವ ಮನೆಬಂಡಿಗಳಲ್ಲಿ ಜನರು ವಾರಗಟ್ಟಲೆ ಪ್ರವಾಸ ಹೋಗುತ್ತಾರೆ. ಬಂಡಿಯ ಹೊಟ್ಟೆಯಡಿ ಎರಡು ತೊಟ್ಟಿಗಳಿರುತ್ತವೆ: ಸ್ನಾನ ಮತ್ತು ಪಾತ್ರೆ ತೊಳೆದ ಬೂದುನೀರಿಗೆ ಒಂದು, ಕಕ್ಕಸಿನ ಕಪ್ಪುನೀರಿಗೆ ಇನ್ನೊಂದು. ಮನೆಗೆ ಹಿಂದಿರುಗಿದ ಮೇಲೆ ಇವನ್ನು ಬರಿದು ಮಾಡಬೇಕು. ಬಂಡಿಯ ತೊಟ್ಟಿ ನೆಲಕ್ಕಿಂತ ಮೇಲಿರುವುದರಿಂದ ಅಲ್ಲಿ ನಿರ್ವಾತ ಬೇಕಿಲ್ಲ; ಒಳಚರಂಡಿಯ ಬಾಯಿ ಕೆಳಗಿದ್ದರೆ ಇಳಿಜಾರಾದ ಕೊಳವೆಯಲ್ಲಿ ಗುರುತ್ವಾಕರ್ಷಣೆಯೇ ಕೆಲಸ ಮಾಡುತ್ತದೆ. ಚರಂಡಿಯ ಬಾಯಿ ಮೇಲಿದ್ದರೆ ಮಾತ್ರ ಗಸಿಯನ್ನು ಅರೆದು ತಳ್ಳುವ ಪಂಪನ್ನು ಜೋಡಿಸುತ್ತಾರೆ.

ಅಲ್ಲಿಯೂ ಅನುಭವಿಗಳು ಎರಡು ನಿಯಮಗಳನ್ನು ಪಾಲಿಸುತ್ತಾರೆ. ಮೊದಲನೆಯದು, ಕಪ್ಪುನೀರಿನ ಕವಾಟವನ್ನು ಸದಾ ತೆರೆದಿಡಬಾರದು. ತೆರೆದಿಟ್ಟರೆ ನೀರು ಸೋರಿಹೋಗಿ ಗಟ್ಟಿಯಾದುದು ಗೋಪುರದಂತೆ ತಳದಲ್ಲಿ ಉಳಿಯುತ್ತದೆ. ತೊಟ್ಟಿ ಬಹುಮಟ್ಟಿಗೆ ತುಂಬುವವರೆಗೂ ಮುಚ್ಚಿಟ್ಟು, ಆಮೇಲೆ ಒಮ್ಮೆಲೇ ತೆರೆದರೆ ನುಗ್ಗುವ ನೀರು ಎಲ್ಲವನ್ನೂ ಹೊತ್ತೊಯ್ಯುತ್ತದೆ. ಎರಡನೆಯದು, ಮೊದಲು ಕಪ್ಪುನೀರು, ಅನಂತರ ಬೂದುನೀರು. ಬೂದುನೀರು ಹೋಗುವಾಗ ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಸಿಂಗಾಪುರದ ಚಾಲಕನೂ ಕಡಲಾಚೆಯ ಪ್ರವಾಸಿಯೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಘನವನ್ನು ಸಾಗಿಸುವುದು ದ್ರವವೇ ಎಂಬ ತತ್ತ್ವವನ್ನು ಇಬ್ಬರೂ ಬಲ್ಲರು.

ಕೆಳಗಿಳಿದವನಿಗೆ ಏನಾಗುತ್ತದೆ?

ವೃದ್ಧೆಯ ಮಾತಿನಲ್ಲಿ ಕೇಡಿನ ಉದ್ದೇಶವಿರಲಿಲ್ಲ. ಗುಂಡಿ ಬಹುಮಟ್ಟಿಗೆ ಖಾಲಿಯಾಗಿದೆ, ಒಂದು ಗಳಿಗೆಯ ಕೆಲಸ, ವಾಸನೆಯನ್ನು ಸಹಿಸಿದರಾಯಿತು ಎಂದು ಅವರು ಎಣಿಸಿದ್ದರು. ಅಪಾಯವಿರುವುದು ಈ ಎಣಿಕೆಯಲ್ಲಿಯೇ.

ಗಸಿಯೊಳಗೆ ಹುಟ್ಟಿದ ಅನಿಲಗಳೆಲ್ಲ ಆಗಿಂದಾಗ ಹೊರಬಂದಿರುವುದಿಲ್ಲ. ಒಂದಷ್ಟು ಭಾಗ ಗುಳ್ಳೆಗಳಾಗಿ ಒಳಗೇ ಸಿಕ್ಕಿಕೊಂಡಿರುತ್ತದೆ. ಸೋಡಾಸೀಸೆಯನ್ನು ಅಲುಗಿಸಿದರೆ ನೊರೆಯುಕ್ಕುವಂತೆ, ಗಸಿಯನ್ನು ಕಾಲಿನಿಂದ ತುಳಿದ ಕ್ಷಣದಲ್ಲಿ ಅನಿಲವೆಲ್ಲ ಒಟ್ಟಿಗೆ ಬಿಡುಗಡೆಯಾಗುತ್ತದೆ. ಗಾಳಿಯ ಸರಾಸರಿ ಅಣುತೂಕ 29. ಜಲಜನಕದ ಸಲ್ಫೈಡಿನದು 34. ಇಂಗಾಲದ ಡೈ ಆಕ್ಸೈಡಿನದು 44. ಗಾಳಿಗಿಂತ ಭಾರವಾದ ಇವೆರಡೂ ಗುಂಡಿಯ ತಳದಲ್ಲಿಯೇ ಮಡುಗಟ್ಟಿ ಆಮ್ಲಜನಕವನ್ನು ಹೊರದೂಡುತ್ತವೆ. ಮೇಲೆ ನಿಂತವನಿಗೆ ಏನೂ ತೋರದಿದ್ದರೂ ಕೆಳಗೆ ಬಗ್ಗಿದವನಿಗೆ ಉಸಿರಾಡಲು ಗಾಳಿಯಿಲ್ಲ.

ಜಲಜನಕದ ಸಲ್ಫೈಡಿನ ವಂಚನೆ ಇನ್ನೊಂದು ಬಗೆಯದು. ಅತ್ಯಲ್ಪ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗದಷ್ಟಾದರೆ ಮೂಗಿನ ನರಗಳೇ ಸೋತು ವಾಸನೆ ತಿಳಿಯದಾಗುತ್ತದೆ. ಐನೂರರಿಂದ ಸಾವಿರ ಭಾಗದಷ್ಟಾದರೆ ಪ್ರಜ್ಞೆ ತಪ್ಪಿ, ಉಸಿರು ನಿಂತು, ಕೆಲವೇ ನಿಮಿಷಗಳಲ್ಲಿ ಮರಣ. ಆದುದರಿಂದ ‘ವಾಸನೆ ಹೋಯಿತು, ಇನ್ನು ಭಯವಿಲ್ಲ’ ಎಂಬುದಕ್ಕಿಂತ ಮೋಸದ ಮಾತಿಲ್ಲ. ದೀಪ ಇಳಿಸಿ ಪರೀಕ್ಷಿಸುವ ಹಳೆಯ ಪದ್ಧತಿಯಂತೂ ಕೂಡದು. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗ ಮೀಥೇನ್ ಇದ್ದರೆ ಕಿಡಿ ಸೋಕಿದೊಡನೆ ಸ್ಫೋಟವಾಗುತ್ತದೆ.

ಇಂತಹ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿಯಿದೆ. ಮೊದಲನೆಯವನು ಕುಸಿದನೆಂದು ಎರಡನೆಯವನು ಧಾವಿಸಿ ಇಳಿಯುತ್ತಾನೆ. ಅವನನ್ನು ಎತ್ತಲು ಮೂರನೆಯವನು. ಅನೇಕ ವೇಳೆ ಅವರು ತಂದೆ ಮಕ್ಕಳೋ ಅಣ್ಣ ತಮ್ಮಂದಿರೋ ಆಗಿರುತ್ತಾರೆ. ವಿದ್ಯಾರ್ಥಿ ಮಿತ್ರರು ಇದೊಂದನ್ನು ಮರೆಯಬಾರದು: ಗುಂಡಿಯೊಳಗೆ ಯಾರಾದರೂ ಬಿದ್ದಿರುವುದು ಕಂಡರೆ ನೀವು ಇಳಿಯಬೇಡಿ, ಇನ್ನೊಬ್ಬರನ್ನೂ ಇಳಿಯಗೊಡಬೇಡಿ. ಅಗ್ನಿಶಾಮಕ ದಳಕ್ಕೆ ತಕ್ಷಣ ಕರೆ ಕಳುಹಿಸಿ, ಮುಚ್ಚಳಗಳನ್ನೆಲ್ಲ ತೆರೆಯಿರಿ, ಮೇಲಿನಿಂದಲೇ ಹಗ್ಗ ಹಾಕಲು ಸಾಧ್ಯವಾದರೆ ಹಾಕಿ. ಒಳಗಿಳಿಯಬಲ್ಲವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಬರುವ ಶಿಕ್ಷಿತರು ಮಾತ್ರ.

ನ್ಯಾಯದ ಮಾತು

ಈ ಕೆಲಸ ನಮ್ಮ ದೇಶದಲ್ಲಿ ಯಾರ ಪಾಲಿಗೆ ಬಂತೆಂಬುದನ್ನು ಹೇಳದೆ ಭೌತಶಾಸ್ತ್ರವನ್ನಷ್ಟೇ ಹೇಳಿದರೆ ಪಾಠ ಅಪೂರ್ಣವಾದೀತು. ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳ ಹಿಂದೆ ಕಿರಿದಾದ ಓಣಿಗಳಿರುವುದನ್ನು ಹಲವರು ನೋಡಿರಬಹುದು. ಒಳಚರಂಡಿಯಿಲ್ಲದ ಕಾಲದಲ್ಲಿ ಮಲವನ್ನು ಹೊತ್ತೊಯ್ಯುವವರು ಮುಂಬಾಗಿಲಿನ ಕಡೆ ಕಾಣದಂತೆ ಬಂದು ಹೋಗಲು ಇದ್ದ ದಾರಿಗಳವು. ಹುಟ್ಟಿನ ಜಾತಿಯ ಕಾರಣದಿಂದಲೇ ಕೆಲವರ ತಲೆಯ ಮೇಲೆ ಆ ಹೊರೆಯನ್ನು ಇಡಲಾಗಿತ್ತು. 1970ರ ದಶಕದ ಮೊದಲಲ್ಲಿ ದೇವರಾಜ ಅರಸರ ಸರಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇಂತಹದೇ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಪದ್ಧತಿಯ ಬೇರನ್ನೇ ಕೀಳಲು ದೇಶದಾದ್ಯಂತ ದುಡಿದು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಡೆದರು.

1993ರ ಕಾನೂನು ಒಣ ಪಾಯಿಖಾನೆಗಳಲ್ಲಿ ಮಲ ಬಾಚಿಸುವುದನ್ನು ಅಪರಾಧವೆಂದಿತು. 2013ರ ಕಾನೂನು ಇನ್ನೂ ಮುಂದೆ ಹೋಗಿ, ರಕ್ಷಣೆಯಿಲ್ಲದೆ ಮನುಷ್ಯರನ್ನು ಮಲಗುಂಡಿಗೂ ಒಳಚರಂಡಿಗೂ ಇಳಿಸುವುದನ್ನು ನಿಷೇಧಿಸಿತು. ಮೊದಲ ಸಲ ತಪ್ಪು ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ, ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಿಕ್ಷೆ ಇಳಿಸಿದ ಗುತ್ತಿಗೆದಾರನಿಗೆ ಮಾತ್ರವಲ್ಲ. ಇಳಿಸೆಂದು ಹೇಳಿದ ಮನೆಯವರಿಗೂ ತಟ್ಟಬಹುದು. ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ನಾಲ್ಕು ಡ್ರಮ್ ನೀರಿನ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಜೀವಕ್ಕಂತೂ ಬೆಲೆ ಕಟ್ಟಲಾಗದು.

ತೆಗೆದುದು ಹೋಗುವುದೆಲ್ಲಿಗೆ?

ಲಾರಿ ತುಂಬಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ರಾತ್ರಿಯ ಕತ್ತಲಲ್ಲಿ ರಾಜಕಾಲುವೆಗೆ ಸುರಿದರೆ ಅದು ಮಳೆನೀರಿನೊಡನೆ ಕೆರೆಗೆ ಸೇರುತ್ತದೆ. ಕೆರೆಯಿಂದ ಇಂಗಿ ಕೊಳವೆಬಾವಿಗಳಿಗೂ ಬರಬಹುದು. ಮನೆಯವರೇ ಮೋಟಾರು ಹಚ್ಚಿ ಗುಂಡಿಯ ನೀರನ್ನು ಮೋರಿಗೆ ಬಿಡುವುದೂ ಇದೇ ಬಗೆಯ ತಪ್ಪು. ನಮ್ಮ ಗುಂಡಿ ಬರಿದಾಯಿತು. ಆದರೆ ಊರೇ ಗುಂಡಿಯಾಯಿತು.

ಸಿಂಗಾಪುರದಿಂದ ಇನ್ನೂ ಉತ್ತರಕ್ಕೆ ಹೋದರೆ ಸಿಗುವ ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೊಂದು ಒಳ್ಳೆಯ ಮಾದರಿ ತಯಾರಾಯಿತು. ಒಳಚರಂಡಿಯಿಲ್ಲದ ಆ ಪುರಸಭೆಯ ಮಲಗುಂಡಿಗಳಿಂದ ತಂದ ಗಸಿಯನ್ನು ದಿನಕ್ಕೆ 6,000 ಲೀಟರಿನಷ್ಟು ಸಂಸ್ಕರಿಸುವಂತೆ ಕಟ್ಟಿದ ಈ ಸ್ಥಾವರವು ಭಾರತದಲ್ಲಿ ಇಂತಹವುಗಳಲ್ಲಿ ಮೊದಲನೆಯದು. ಗಸಿಯು ಇಳಿಜಾರಿನಲ್ಲಿ ತೊಟ್ಟಿಯಿಂದ ತೊಟ್ಟಿಗೆ ತಾನೇ ಹರಿಯುವಂತೆ ಅದನ್ನು ರಚಿಸಲಾಯಿತು. ಜರಡಿಯಲ್ಲಿ ಕಸ ಉಳಿಯುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅರಗಿಸುತ್ತವೆ. ಒಣಗಿಸುವ ಹಾಸುಗಳ ಮೇಲೆ ನೀರು ಬಸಿದು ಗಸಿ ಒಣಗುತ್ತದೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯ ಮೂಲಕ ಸೋಸಿಹೋಗುತ್ತದೆ. ಒಣಗಿದ ಗಸಿಯನ್ನು ಊರಿನ ಹಸಿ ಕಸದೊಡನೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಗೊಬ್ಬರದ ರಾಶಿಯ ಒಳಗೆ 55 ಡಿಗ್ರಿಗೂ ಹೆಚ್ಚಿನ ಶಾಖ ಕೆಲವು ದಿನ ನಿಂತರೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲ ಜಂತುಹುಳುವಿನ ಮೊಟ್ಟೆಗಳೂ ಸಾಯುತ್ತವೆ. ಹಸಿ ಗಸಿಯನ್ನು ನೇರವಾಗಿ ಸೊಪ್ಪು ತರಕಾರಿಯ ಮಡಿಗೆ ಹಾಕಬಾರದೆನ್ನುವುದು ಈ ಮೊಟ್ಟೆಗಳ ಭಯದಿಂದ.

ಕೊನೆಯ ಮಾತು

ಅಂದು ಸಿಂಗಾಪುರದಲ್ಲಿ ನಾವು ಮಾತನಾಡುತ್ತಿರುವಾಗಲೇ ನೀರು ಬಂತು. ವೃದ್ಧೆ ಗೊಣಗುತ್ತಲೇ ಸಂಪಿನ ಮೋಟಾರನ್ನು ಹಚ್ಚಿಸಿದ್ದರು. ಕೆಲಸದ ಹುಡುಗ ದಡದಲ್ಲಿ ನಿಂತು ಗಳುವಿನಿಂದ ಕಲಕಿದ. ಪಂಪಿನ ಸದ್ದು ಮೊದಲು ಏರಿ, ದ್ರವ ಸಿಕ್ಕಿದೊಡನೆ ಭಾರವಾಗಿ ಇಳಿಯಿತು, ಕೊಳವೆ ನಡುಗಿತು. ಆರೇಳು ನಿಮಿಷಕ್ಕೆ ತಳದ ಕಾಂಕ್ರೀಟು ಕಂಡಿತು. “ಇಷ್ಟು ಸಾಕಪ್ಪ, ಚೆನ್ನಾಗೇ ಬಂತು” ಎಂದು ವೃದ್ಧೆಯೇ ಹೇಳಿ, ಹುಡುಗನಿಗೆ ಕೊಡುತ್ತೇನೆಂದಿದ್ದ ಕಾಸನ್ನೂ ಕೊಟ್ಟರು. ಅವನು ಕೊಳಾಯಿಯ ಬಳಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಲಾರಿ ಹತ್ತಿದ.

ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಮಲಗುಂಡಿಯಿದ್ದರೆ ಮೂರು ವಿಷಯಗಳನ್ನು ವಿಚಾರಿಸಿಕೊಳ್ಳಲಿ. ಅದನ್ನು ಕೊನೆಯ ಬಾರಿ ಬರಿದು ಮಾಡಿಸಿದುದು ಯಾವ ವರ್ಷ? ಕೊಳವೆಯೂ ಗಳುವೂ ತಳ ಮುಟ್ಟುವಂತೆ ಮುಚ್ಚಳದ ಬಾಯಿ ಅಗಲವಾಗಿದೆಯೇ? ಬರುವ ಲಾರಿ ತೆಗೆದುದನ್ನು ಎಲ್ಲಿ ಸುರಿಯುತ್ತದೆ? ಈ ಮೂರಕ್ಕೆ ಒಳ್ಳೆಯ ಉತ್ತರವಿರುವ ಮನೆಯಲ್ಲಿ ಯಾರೂ ಗುಂಡಿಗಿಳಿಯುವ ಪ್ರಸಂಗವೇ ಬಾರದು. ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗೆ ಸಮೀಪವಾದ ಭಾರದಿಂದ ಹಗಲಿರುಳೂ ಒತ್ತುತ್ತಿರುವ ಗಾಳಿಯು ಕೂಲಿಯಿಲ್ಲದೆ ಮಾಡುವ ಕೆಲಸಕ್ಕೆ ಮನುಷ್ಯನ ಉಸಿರನ್ನು ಒತ್ತೆಯಿಡಬೇಕಾದ ಅಗತ್ಯವಾದರೂ ಏನು?